ಸೊಂಟ ಹಿಡಿದುಕೊಂಡರೆ ಮಲಗಿಬಿಡಬೇಕೆ?

ಪ್ರಶ್ನೆ: ನನಗೆ 36 ವರ್ಷ. ದಿನಾ ಬೆಳಿಗ್ಗೆ ಶಟಲ್ ಆಡುತ್ತೇನೆ. ಮೊನ್ನೆ ನೆಲದ ಮೇಲಿದ್ದ ಕಾಕ್ ಎತ್ತಲು ಬಗ್ಗಿದಾಗ ಸೊಂಟ ಹಿಡಿದುಕೊಂಡಿತು. ಕಾಲಿಗೆ ನೋವಿಲ್ಲ. ಎಂಆರ್‌ಐ ಮಾಡಿಸಬೇಕೆ? ಎಷ್ಟು ದಿನ ಮಲಗಿರಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಾಲಿಗೆ ಇಳಿಯದ ಇಂಥ ನೋವು ಹೆಚ್ಚಾಗಿ ಸ್ನಾಯು, ಕೀಲುಗಳದ್ದು. ಈಗಲೇ ಎಂಆರ್‌ಐ ಬೇಡ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿರುವುದು ಕಾಣುತ್ತದೆ. ಅದನ್ನು ನೋಡಿ ಹೆದರುವುದೇ ಆಗುತ್ತದೆ.

ಹಾಸಿಗೆ ಹಿಡಿಯಬೇಡಿ. ನೋವು ತೀರಾ ಜಾಸ್ತಿಯಾದಾಗ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲಿನಿಂದ ಕೆಳಗಿನ ಭಾಗವನ್ನು ಕುರ್ಚಿಯ ಮೇಲಿಟ್ಟು 10 ನಿಮಿಷ ಇರಿ. ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಗಂಟೆಗೊಮ್ಮೆ 5 ನಿಮಿಷ ಮನೆಯೊಳಗೇ ನಡೆಯಿರಿ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲದಿಂದ 15 ನಿಮಿಷ ಶಾಖ ಕೊಡಬಹುದು. ಬಗ್ಗಿ ಕಾಲ್ಬೆರಳು ಮುಟ್ಟುವುದು, ಯಾರಿಂದಲೋ ಸೊಂಟ ತುಳಿಸಿಕೊಳ್ಳುವುದು ಖಂಡಿತ ಬೇಡ. ಬಿಗಿದ ಸ್ನಾಯು ಇನ್ನೂ ಬಿಗಿಯುತ್ತದೆ.

ರಾತ್ರಿ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುವುದರಿಂದ ಎದ್ದ ಮೊದಲ ಗಂಟೆ ಸೊಂಟ ಬಗ್ಗಿಸುವ ಕೆಲಸ ಕಡಿಮೆ ಮಾಡಿ. ಸಲೀಸಾಗಿ ಅರ್ಧ ಗಂಟೆ ನಡೆಯಲು ಬಂದ ಮೇಲೆ ಆಟ ಶುರುಮಾಡಿ. ಮೊದಲು ಬರೀ ರ‍್ಯಾಲಿ, ಸ್ಮ್ಯಾಷ್ ಕೊನೆಗೆ.

ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರವಿದ್ದರೂ ತಡಮಾಡಬೇಡಿ.