ಮೊದಲು ಆ ಬೆರಳನ್ನು ವೈದ್ಯರಿಗೆ ತೋರಿಸಿ

ಶಾರ್ಜಾದಿಂದ ಬಂದ ಈ ಪತ್ರವನ್ನು ಸರದಿಯಲ್ಲಿ ಕಾಯಿಸಲು ನನಗೆ ಮನಸ್ಸಾಗಲಿಲ್ಲ. ಬರೆದವರು ಹೆಸರು ಬೇಡ ಎಂದಿದ್ದಾರೆ. ಕುಂದಾಪುರದ ಕಡೆಯವರು, ವಯಸ್ಸು 61 ಎಂದಷ್ಟೇ ಹೇಳುತ್ತೇನೆ. ಕೊಲ್ಲಿಗೆ ಹೋಗಿ 24 ವರ್ಷಗಳಾಗಿವೆ. ಅದರಲ್ಲಿ ಕೊನೆಯ 12 ವರ್ಷ ಒಂದೇ ಕಂಪನಿಯ ಕಟ್ಟಡ ಸಾಮಗ್ರಿ ಗೋದಾಮಿನಲ್ಲಿ ಸ್ಟೋರ್‌ಕೀಪರ್. ನಾಲ್ವರು ಹಂಚಿಕೊಂಡ ಕೋಣೆಯಲ್ಲಿ ಅವರದೊಂದು ಮಂಚ. ಮಗಳ ಮದುವೆಯಾಗಿದೆ, ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಊರಿನಲ್ಲಿ ಹೆಂಡತಿ ಒಬ್ಬರೇ ಇದ್ದಾರೆ. ಮನೆಯ ಮೇಲಂತಸ್ತು ಅರ್ಧಕ್ಕೆ ನಿಂತಿದೆ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಅವರ ಪ್ರಶ್ನೆ ಇಷ್ಟು: ಈಗಲೇ ಎಲ್ಲ ಬಿಟ್ಟು ಊರಿಗೆ ಬರಲೇ, ಮಹಡಿ ಮುಗಿಯುವವರೆಗೆ ಇನ್ನೆರಡು ವರ್ಷ ತಳ್ಳಲೇ?

ಈ ಪ್ರಶ್ನೆಗಾಗಿ ನೀವು ನಾಲ್ಕು ಪುಟ ಬರೆದಿದ್ದೀರಿ. ಸಿಮೆಂಟಿನ ಬೆಲೆ ಇದೆ, ಗ್ರಾಚ್ಯುಟಿಯ ಲೆಕ್ಕವಿದೆ, ನೆಂಟರು ಏನೆನ್ನುವರೋ ಎಂಬ ಅಳುಕಿದೆ. ಮೂರನೆಯ ಪುಟದ ನಡುವೆ, ಬೇರೇನನ್ನೋ ಹೇಳುತ್ತಾ, ಒಂದು ಮಾತು ಸೇರಿಸಿದ್ದೀರಿ. ಹೊಸ ಸೇಫ್ಟಿ ಶೂ ಕಚ್ಚಿ ಎಡಗಾಲಿನ ಕಿರುಬೆರಳಿಗೆ ಗಾಯವಾಗಿ ಮೂರು ವಾರವಾಯಿತಂತೆ. ಕಾಲುಚೀಲ ತೆಗೆಯುವಾಗ ಅದು ಬೆರಳಿಗೆ ಅಂಟಿಕೊಂಡಿತ್ತಂತೆ, ಎಳೆದರೂ ನೋವಾಗಲಿಲ್ಲವಂತೆ, ಬಟ್ಟೆಯ ಮೇಲಿನ ಕಂದು ಕಲೆಯನ್ನು ನೋಡಿದ ಮೇಲೆಯೇ ಗಾಯವಿರುವುದು ಗೊತ್ತಾಯಿತಂತೆ. ‘ನೋವಿಲ್ಲ, ಹಾಗಾಗಿ ಚಿಂತೆಯಿಲ್ಲ’ ಎಂದು ಬರೆದು ಮತ್ತೆ ಸಿಮೆಂಟಿಗೆ ಹೋಗಿದ್ದೀರಿ.

ನನಗೆ ಚಿಂತೆ ಹತ್ತಿದ್ದೇ ಅಲ್ಲಿ. ಒಂಬತ್ತು ವರ್ಷದ ಮಧುಮೇಹಿಯೊಬ್ಬರ ಕಾಲಿನ ಗಾಯ ಮೂರು ವಾರವಾದರೂ ಒಣಗಿಲ್ಲ, ಮುಟ್ಟಿದರೆ ನೋವೂ ಇಲ್ಲ. ಇದು ನೀವು ತಿಳಿದಂತೆ ಸಣ್ಣ ಗಾಯವಲ್ಲ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಪಾದದ ನರಗಳು ಸೋಲುತ್ತವೆ. ಮೊದಲು ಉರಿ, ಜುಮ್ಮೆನ್ನುವುದು, ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗದಿರುವುದು. ಆಮೇಲೆ ಸ್ಪರ್ಶವೇ ಹೋಗುತ್ತದೆ. ಕಲ್ಲು ಚುಚ್ಚಿದರೂ, ಶೂ ಉಜ್ಜಿದರೂ ಗೊತ್ತಾಗುವುದಿಲ್ಲ. ಜೊತೆಗೆ ಕಾಲಿಗೆ ರಕ್ತ ಸಾಲದೆ ಗಾಯ ಮಾಯುವುದು ನಿಧಾನವಾಗುತ್ತದೆ, ಸೋಂಕು ಮೂಳೆಯವರೆಗೆ ಇಳಿಯಲು ಸಮಯ ಸಿಗುತ್ತದೆ. ಬೆರಳು, ಪಾದ, ಕೆಲವೊಮ್ಮೆ ಮೊಣಕಾಲಿನವರೆಗೆ ಕತ್ತರಿಸಬೇಕಾದವರಲ್ಲಿ ಬಹಳ ಮಂದಿಗೆ ಇಂಥದೇ ಚಿಕ್ಕ ಗಾಯದಿಂದ ಶುರುವಾಗಿರುತ್ತದೆ. ‘ಕಳೆದ ವರ್ಷ ತುಂಬಾ ಉರಿಯಿತ್ತು, ಈಗ ಕಡಿಮೆಯಾಗಿದೆ’ ಎಂದೂ ಬರೆದಿದ್ದೀರಿ. ಅದನ್ನು ಗುಣವಾದ ಲಕ್ಷಣವೆಂದು ನಂಬಬೇಡಿ. ನರ ಪೂರ್ತಿ ಸೋತಾಗಲೂ ಉರಿ ನಿಲ್ಲುತ್ತದೆ.

ಬೆರಳು ಕಪ್ಪಾಗಿದ್ದರೆ, ಕೆಟ್ಟ ವಾಸನೆಯಿದ್ದರೆ, ಕೆಂಪು ಮೇಲಕ್ಕೆ ಏರುತ್ತಿದ್ದರೆ, ಜ್ವರ ಬಂದಿದ್ದರೆ ಮುಂದಿನದನ್ನು ಓದುತ್ತಾ ಕೂರಬೇಡಿ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ಆಂಬುಲೆನ್ಸ್‌ಗೆ ಅಲ್ಲಿನ ಸಂಖ್ಯೆ 998.

ಬಿಸಿನೀರಿಗೆ ಉಪ್ಪು ಹಾಕಿ ಕಾಲು ಮುಳುಗಿಸುತ್ತಿದ್ದೇನೆ ಎಂದಿದ್ದೀರಿ. ಇವತ್ತೇ ನಿಲ್ಲಿಸಿ. ಸ್ಪರ್ಶವಿಲ್ಲದ ಪಾದಕ್ಕೆ ನೀರು ಎಷ್ಟು ಬಿಸಿ ಎಂಬುದು ತಿಳಿಯುವುದಿಲ್ಲ. ಸುಟ್ಟು ಬೊಬ್ಬೆ ಬಂದ ಮೇಲೆ ಕಣ್ಣಿಗೆ ಕಾಣುತ್ತದೆ, ಅಷ್ಟೇ. ಅರಿಸಿನ ಮೆತ್ತುವುದು, ಒಣಚರ್ಮವನ್ನು ಬ್ಲೇಡಿನಿಂದ ಕೆತ್ತುವುದು, ಕೋಣೆಯವರು ಕೊಟ್ಟ ಪುಡಿ ಉದುರಿಸುವುದು ಯಾವುದೂ ಬೇಡ. ಆ ಶೂವನ್ನು ಮತ್ತೆ ಹಾಕಿಕೊಳ್ಳಲೇಬೇಡಿ.

ಇಷ್ಟಾದರೂ ನೀವು ವೈದ್ಯರ ಬಳಿ ಏಕೆ ಹೋಗಿಲ್ಲ? ಉತ್ತರ ನಿಮ್ಮ ಪತ್ರದಲ್ಲೇ ಇದೆ, ನಿಮ್ಮ ಭಾವ. 24 ವರ್ಷದ ಹಿಂದೆ ವೀಸಾ ಕೊಡಿಸಿ ಕರೆಸಿಕೊಂಡವರು, ಇಂದಿಗೂ ಅಜ್ಮಾನಿನಿಂದ ನಿಮ್ಮನ್ನು ನಡೆಸುತ್ತಿರುವವರು. ವಿಮೆಯ ಕಾರ್ಡ್ ಬಳಸಿದರೆ ಕಂಪನಿಗೆ ಕಾಯಿಲೆ ಗೊತ್ತಾಗುತ್ತದೆ, ಫೈಲಿನಲ್ಲಿ ಸಕ್ಕರೆ ಎಂದು ಬಂದರೆ ವೀಸಾ ನವೀಕರಣವಾಗುವುದಿಲ್ಲ, ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಅರ್ಧ ಹೋಗುತ್ತದೆ ಎಂದು ಅವರು ಹೇಳಿದ್ದಾರೆ. ನೀವು ನಂಬಿದ್ದೀರಿ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಊಟ ಬಿಟ್ಟು ದುಡ್ಡು ಕಳಿಸಿದವರ ಮೇಲೆ ಯಾರು ಕೋಪ ಮಾಡುತ್ತಾರೆ? ಆದರೆ ಆ ಭಾವನ ಮೇಲೆ ನನಗೆ ತಡೆಯಲಾರದಷ್ಟು ಕೋಪವಿದೆ. ಅರೆಬರೆ ತಿಳಿದದ್ದನ್ನು ಕಾನೂನೆಂಬಂತೆ ಹೇಳಿ ಒಬ್ಬ ರೋಗಿಯನ್ನು ವೈದ್ಯರಿಂದ ದೂರವಿಟ್ಟಿದ್ದಾರೆ. ವೀಸಾ ಕೊಡಿಸಿದ ಋಣ ತೀರಿಸಲು ಕಾಲು ಕೊಡಬೇಕಾಗಿಲ್ಲ.

ಅವರ ಮಾತುಗಳನ್ನು ಒಂದೊಂದಾಗಿ ನೋಡಿ. ವಾಸದ ವೀಸಾಕ್ಕಾಗಿ ಮಾಡುವ ವೈದ್ಯಕೀಯ ಪರೀಕ್ಷೆ ಹುಡುಕುವುದು ಸಾಂಕ್ರಾಮಿಕ ರೋಗಗಳನ್ನು. ಎಚ್‌ಐವಿಗೆ ರಕ್ತ ತೆಗೆಯುತ್ತಾರೆ, ಕ್ಷಯಕ್ಕೆ ಎದೆಯ ಎಕ್ಸ್‌ರೇ ಮಾಡುತ್ತಾರೆ, ಕೆಲವು ಬಗೆಯ ಕೆಲಸಗಳಿಗೆ ಇನ್ನೊಂದೆರಡು ಪರೀಕ್ಷೆಗಳಿರುತ್ತವೆ. ಮಧುಮೇಹ ಆ ಪಟ್ಟಿಯಲ್ಲಿ ಇಲ್ಲ. ಆ ದೇಶದವರಲ್ಲೇ ಮಧುಮೇಹಿಗಳು ಬೇಕಾದಷ್ಟಿದ್ದಾರೆ. ಅಲ್ಲಿನ ಕ್ಲಿನಿಕ್‌ಗೆ ನಿಮ್ಮ ಕಾಯಿಲೆ ಹೊಸದೇನೂ ಅಲ್ಲ.

ಇನ್ನು ವಿಮೆ. ದುಬೈ, ಅಬುಧಾಬಿಗಳಲ್ಲಿ ಮೊದಲಿನಿಂದಲೂ ಇದ್ದ ಕಡ್ಡಾಯ ಆರೋಗ್ಯ ವಿಮೆ 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್ ಮೊದಲಾದ ಎಮಿರೇಟುಗಳ ಖಾಸಗಿ ನೌಕರರಿಗೂ ಬಂದಿದೆ. ಮಾಲೀಕರು ಅದನ್ನು ಕೊಡುವುದು ಕಾನೂನು ಹೇಳಿರುವುದರಿಂದ, ದಯೆಯಿಂದಲ್ಲ. ಕಳೆದ ನವೀಕರಣದಲ್ಲಿ ನಿಮಗೆ ಕೊಟ್ಟ ಕಾರ್ಡ್ ಪರ್ಸಿನಲ್ಲೇ ಇದೆ ಎಂದಿದ್ದೀರಿ. ಮೂಲ ಯೋಜನೆಯಲ್ಲಿ ವೈದ್ಯರ ಭೇಟಿಗೂ ಔಷಧಿಗೂ ಒಂದು ಪಾಲನ್ನು ರೋಗಿ ಕೊಡಬೇಕಾಗುತ್ತದೆ. ಕೊಡಿ. ಒಂದು ಮೂಟೆ ಸಿಮೆಂಟು ಕಡಿಮೆಯಾಗಲಿ.

ರಜೆ ಹಾಕಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಗೂ ಉತ್ತರವಿದೆ. ಯುಎಇಯ ಈಗಿನ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ 90 ದಿನಗಳವರೆಗೆ ಅನಾರೋಗ್ಯ ರಜೆ ಸಿಗುತ್ತದೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. ಮೂರು ಕೆಲಸದ ದಿನಗಳೊಳಗೆ ಕಂಪನಿಗೆ ತಿಳಿಸಿ ವೈದ್ಯರ ವರದಿ ಕೊಡಬೇಕು. ಆ ರಜೆಯಲ್ಲಿರುವವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಕಂಪನಿ ತಕರಾರು ಮಾಡಿದರೆ ದುಬೈಯ ಭಾರತೀಯ ದೂತಾವಾಸ ನಡೆಸುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವನ್ನು ಕೇಳಿ, ಉಚಿತ ಸಂಖ್ಯೆ 800 46342.

ಗ್ರಾಚ್ಯುಟಿಯ ಮಾತನ್ನೂ ಮುಗಿಸಿಬಿಡುತ್ತೇನೆ. 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ರಾಜೀನಾಮೆ ಕೊಟ್ಟವರಿಗೂ ಗ್ರಾಚ್ಯುಟಿ ಪೂರ್ತಿ ಸಿಗುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನಗಳ, ಅನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ. ನಿಮ್ಮ 12 ವರ್ಷಕ್ಕೆ ಒಟ್ಟು 315 ದಿನಗಳಾದವು. ಮೂಲ ವೇತನ 1,800 ದಿರ್ಹಾಂ ಎಂದಿದ್ದೀರಿ, ದಿನಕ್ಕೆ 60ರಂತೆ 18,900 ದಿರ್ಹಾಂ. ಇನ್ನೆರಡು ವರ್ಷ ದುಡಿದರೆ ಇದಕ್ಕೆ ಸೇರುವುದು 3,600. ಆ ಹಣಕ್ಕಾಗಿ ಮತ್ತು ಎರಡು ವರ್ಷದ ಸಂಬಳಕ್ಕಾಗಿ ಆ ಪಾದವನ್ನು ದಿನವೂ ಶೂಗೆ ತುರುಕಬೇಕೇ ಎಂದು ನೀವೇ ಯೋಚಿಸಿ.

ಮಾತ್ರೆಗಳ ವಿಚಾರ ಈ ಅಂಕಣದ ಹಳೆಯ ಓದುಗರಿಗೆ ಗೊತ್ತಿದೆ, ಆದರೂ ಹೇಳದೆ ಬಿಡಲಾರೆ. ಮೂರನೆಯವರ ಚೀಲದಲ್ಲಿ ಬರುವ ಔಷಧಿ ಬೇಡ. ಸಕ್ಕರೆಗೆಂದು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆಗಳನ್ನೂ ಕಾಲುರಿಗೆಂದು ಪ್ರಿಗ್ಯಾಬಲಿನ್ ಅನ್ನೂ ನಿಮ್ಮ ಹೆಂಡತಿ ಊರಿನ ಅಂಗಡಿಯಿಂದ ತಂದು, ಮಂಗಳೂರಿನಿಂದ ವಿಮಾನ ಹತ್ತುವ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸುತ್ತಾರೆ. ನೋವಿಗೆ ಕೊಡುವ ಟ್ರಾಮಡಾಲ್, ಕೊಡೀನ್‌ಗಳಂತೆ ಪ್ರಿಗ್ಯಾಬಲಿನ್ ಕೂಡ ಯುಎಇಯಲ್ಲಿ ನಿಯಂತ್ರಿತ ಔಷಧಿ. ರೋಗಿ ಸ್ವತಃ ತರುವುದಿದ್ದರೂ ವೈದ್ಯರ ಚೀಟಿ ಬೇಕು, ಅಲ್ಲಿನ ಸರ್ಕಾರದ ಮುಂಚಿತ ಅನುಮತಿ ಬೇಕು. ಇನ್ನೊಬ್ಬರ ಮಾತ್ರೆಯನ್ನು ಹೊತ್ತು ತರುವ ಆ ಹುಡುಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಜೈಲಿಗೂ ಹೋಗಬಹುದು. ಅವನಿಗೆ ಚೀಲದಲ್ಲಿ ಏನಿದೆ ಎಂಬುದೇ ತಿಳಿದಿರಲಿಕ್ಕಿಲ್ಲ.

ಇನ್ನೊಂದು ತೊಂದರೆಯಿದೆ. ಮೂರು ವರ್ಷದಿಂದ ನೀವು ಅದದೇ ಮಾತ್ರೆಯನ್ನು ಅದದೇ ಪ್ರಮಾಣದಲ್ಲಿ ನುಂಗುತ್ತಿದ್ದೀರಿ, ಯಾರೂ ರಕ್ತ ನೋಡಿಲ್ಲ. ಲೋಡು ಬಂದ ದಿನ ಮಧ್ಯಾಹ್ನದ ಊಟ ತಪ್ಪುತ್ತದೆ, ಕೈ ನಡುಗಿ ಬೆವರುತ್ತದೆ, ಚಹಾ ಕುಡಿದರೆ ಸರಿಯಾಗುತ್ತದೆ ಎಂದಿದ್ದೀರಿ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ವಯಸ್ಸಾದವರಲ್ಲಿ ಈ ಭಯ ಹೆಚ್ಚು. ಸರಿಹೋದದ್ದು ಚಹಾಕ್ಕೆ ಹಾಕಿದ ಸಕ್ಕರೆಯಿಂದ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು, ಅದರಿಂದಲೂ ಪಾದ ಮರಗಟ್ಟುತ್ತದೆ. ಅದಕ್ಕೆ ಚಿಕಿತ್ಸೆ ಸುಲಭ, ಆದರೆ ರಕ್ತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಇದೆಲ್ಲವನ್ನೂ ವೈದ್ಯರಿಗೆ ಹೇಳಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಜೊತೆಗೆ ಬಿ12 ಅನ್ನೂ ಬರೆಯಲು ಕೇಳಿ.

ಈಗ ನಿಮ್ಮ ಹೆಂಡತಿಯ ಮಾತು. ಪತ್ರದಲ್ಲಿ ಅವರಿಗೆ ಸಿಕ್ಕಿರುವುದು ಎರಡೇ ಸಾಲು. ‘ಅವಳಿಗೆ ಏನೂ ಹೇಳಿಲ್ಲ, ಸುಮ್ಮನೆ ಹೆದರುತ್ತಾಳೆ.’ ರಾತ್ರಿಯ ವಿಡಿಯೊ ಕರೆಯಲ್ಲಿ ಮುಖ ತೋರಿಸುತ್ತೀರಿ, ಕಾಲು ತೋರಿಸುವುದಿಲ್ಲ. ನನ್ನ ಮರುಕದ ದೊಡ್ಡ ಪಾಲು ಅವರಿಗೇ ಹೋಗುತ್ತದೆ. 24 ವರ್ಷ ಒಬ್ಬರೇ ಮನೆ ನಡೆಸಿ, ಮಕ್ಕಳನ್ನು ದಡ ಸೇರಿಸಿ, ಮುರಕಲ್ಲು ತರಿಸಿ, ಮೇಸ್ತ್ರಿಯ ಹತ್ತಿರ ಜಗಳವಾಡಿ ಗೋಡೆ ಏಳಿಸಿದವರು ಒಂದು ಬೆರಳಿನ ಗಾಯದ ಸುದ್ದಿ ಕೇಳಿ ಕುಸಿಯುತ್ತಾರೆಯೇ? ಸಂಬಳ ಎಷ್ಟೆಂದು ಗೊತ್ತಿರುವ ಹೆಂಡತಿಗೆ ಗಂಡನ ಸಕ್ಕರೆ ಎಷ್ಟೆಂಬುದೂ ಗೊತ್ತಿರಬೇಕು ಎಂದು ನಾನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಮಹಡಿ ಬೇಕೆಂದವರು ಯಾರು ಎಂಬುದನ್ನೂ ನೀವು ಎಲ್ಲಿಯೂ ಹೇಳಿಲ್ಲ. ಅವರನ್ನು ಕೇಳಿದ್ದೀರಾ?

ನನ್ನ ಅಭಿಪ್ರಾಯ ಕೇಳಿದಿರಿ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬನ್ನಿ. ಈಗಿನ ಒಪ್ಪಂದ ಮುಗಿದ ಮೇಲೆ ಮತ್ತೆ ಸಹಿ ಹಾಕಬೇಡಿ, ವೈದ್ಯರು ಅದಕ್ಕೂ ಮೊದಲೇ ನಿಲ್ಲಿಸಿ ಎಂದರೆ ಮೊದಲೇ ಬನ್ನಿ. ಅರ್ಧ ಕಟ್ಟಿದ ಮಹಡಿಗೆ ಎರಡು ಮಳೆಗಾಲದಲ್ಲಿ ಪಾಚಿ ಹಿಡಿದೀತು, ಗೋಡೆ ಎಲ್ಲಿಗೂ ಹೋಗುವುದಿಲ್ಲ. ಮಗ ದುಡಿಯುತ್ತಿದ್ದಾನೆ, ಅವನಿಗೆ ಬೇಕಿದ್ದರೆ ಅವನು ಮುಗಿಸಲಿ. ಮಣಿಪಾಲ, ಮಂಗಳೂರುಗಳಲ್ಲಿ ಮಧುಮೇಹಿಗಳ ಪಾದ ನೋಡುವ ವೈದ್ಯರಿದ್ದಾರೆ. ಊರಿಗೆ ಬಂದ ಮೇಲೂ ಅಂಗಳದಲ್ಲಿ ಬರಿಗಾಲಿನಲ್ಲಿ ತಿರುಗಬೇಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡದಿರಬಹುದು, ನಿಮ್ಮ ಅಂಗಾಲಿಗೆ ಬೇಕು. ದಿನವೂ ರಾತ್ರಿ ನೆಲದ ಮೇಲೆ ಕನ್ನಡಿಯಿಟ್ಟು ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಿ.

ಆದರೆ ಊರಿಗೆ ಬರುವ ತೀರ್ಮಾನವನ್ನು ಈ ವಾರ ಮಾಡಬೇಡಿ. ಈ ವಾರ ನಿಮಗಿರುವುದು ಒಂದೇ ಕೆಲಸ. ನಾಳೆ ಬೆಳಿಗ್ಗೆ ಗೋದಾಮಿಗೆ ಹೋಗದೆ ಕಾರ್ಡ್ ಹಿಡಿದು ವಿಮೆಯ ಪಟ್ಟಿಯಲ್ಲಿರುವ ಕ್ಲಿನಿಕ್‌ಗೆ ಹೋಗಿ. ಎರಡೂ ಶೂ, ಎರಡೂ ಕಾಲುಚೀಲ ಕಳಚಿ, ‘ಒಂಬತ್ತು ವರ್ಷದ ಸಕ್ಕರೆ, ಮೂರು ವಾರದ ಗಾಯ, ನೋವಿಲ್ಲ’ ಎಂದು ಹೇಳಿ. ಗಾಯ ತೊಳೆದು ಪಟ್ಟಿ ಕಟ್ಟಿ ಕಳಿಸಿದರೆ ಸಾಲದು. ಪಾದದ ಸ್ಪರ್ಶವನ್ನೂ ನಾಡಿಯನ್ನೂ ಪರೀಕ್ಷಿಸಲು ಕೇಳಿ, ಮೂಳೆಗೆ ಸೋಂಕು ತಾಗಿದೆಯೇ ಎಂದು ಎಕ್ಸ್‌ರೇ ಬೇಕೇ ಎಂದು ವಿಚಾರಿಸಿ. ಭಾವನಿಗೆ ಹೇಳಬೇಕಾಗಿಲ್ಲ. ಕ್ಲಿನಿಕ್ಕಿನ ಬೆಂಚಿನಿಂದಲೇ ಹೆಂಡತಿಗೆ ಕರೆ ಮಾಡಿ, ಫೋನನ್ನು ಕಾಲಿನ ಕಡೆಗೆ ತಿರುಗಿಸಿ.