ಕೋಟೆ ಕಡೆಯ ಕಲ್ಲು, ಸರ್ಕಾರಿ ಕಟ್ಟಡ

ನಾನು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯವನು. ಬಾವಲಿ ಚೆಕ್‌ಪೋಸ್ಟ್ ದಾಟಿದರೆ ವಯನಾಡು. ಸರ್ಕಾರಿ ಕಟ್ಟಡಕ್ಕೆ ಸ್ಥಳೀಯ ಸಾಮಾನಿಗೇ ಆದ್ಯತೆ ಅಂತಾರಲ್ಲ, ನಿಮ್ಮಲ್ಲಿ ಹೇಗೆ ಅಂತ ಕೇಳಿದ್ದೀರಿ.

ಕೇಂದ್ರ ಸರ್ಕಾರದ 2017ರ ಖರೀದಿ ಆದೇಶದಲ್ಲಿ ‘ಸ್ಥಳೀಯ’ ಅಂದರೆ ನಮ್ಮ ದೇಶದ್ದು ಅಂತ ಅರ್ಥ. ಸರಕಿನ ಮೌಲ್ಯದಲ್ಲಿ ಶೇ 50ರಷ್ಟಾದರೂ ದೇಶದ್ದೇ ಆಗಿದ್ದರೆ, ಅದನ್ನು ಕೊಡುವವರು ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರರು ಅಂತ ಲೆಕ್ಕ. ಕಲಬುರಗಿ ಸಿಮೆಂಟೂ ಸ್ಥಳೀಯ, ಬಳ್ಳಾರಿ ಕಬ್ಬಿಣವೂ ಸ್ಥಳೀಯ. ನಮ್ಮೂರ ಕಲ್ಲಿಗೆ ಅಲ್ಲಿ ಬೇರೆ ಲೆಕ್ಕ ಇಲ್ಲ.

ಊರಿನ ಲೆಕ್ಕ ಬರುವುದು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ. ಎಸ್‌ಆರ್ ಅಂತಾರೆ. ಅದರಲ್ಲಿ ‘ಲೀಡ್’ ಅಂತ ಇದೆ. ಕ್ವಾರಿಯಿಂದ ಕೆಲಸದ ಜಾಗ ಎಷ್ಟು ದೂರವೋ ಅದಕ್ಕೆ ತಕ್ಕ ಸಾಗಣೆ ಹಣ. ಜಲ್ಲಿ, ಸೈಜುಗಲ್ಲು, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹತ್ತಿರ ಸಿಕ್ಕರೆ ಎಸ್ಟಿಮೇಟ್ ತಾನಾಗಿ ಇಳಿಯುತ್ತದೆ.

ಆದರೆ ಇಲ್ಲಿ ಹತ್ತಿರ ಸಿಗುವುದು ಕಷ್ಟ. ನಾಗರಹೊಳೆ, ಬಂಡೀಪುರದ ಕಾಡಂಚಿನಲ್ಲಿ ಕಲ್ಲು ಒಡೆಯುವ ಹಾಗಿಲ್ಲ. ಅತ್ತ ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ಒಳಗಿನ ಗಣಿಗಾರಿಕೆಯನ್ನು 2024ರ ಜನವರಿಯಲ್ಲಿ ಹೈಕೋರ್ಟ್ ನಿಷೇಧಿಸಿತು. ಎರಡೂ ಸರಿ ಅಂತಲೇ ನನ್ನ ಅನಿಸಿಕೆ. 1911ರಲ್ಲಿ ಶುರುವಾದ ಆ ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಎಬ್ಬಿಸಿದ್ದಾರೆ. ಸುಟ್ಟ ಇಟ್ಟಿಗೆ ಪುಡಿಗೆ ಸುಣ್ಣ ಸೇರಿಸಿ ಅರೆದ ಗಾರೆ ಅದು. ಅದರ ಪಕ್ಕದಲ್ಲಿ ಬಂಡೆ ಸಿಡಿಸುವುದು ಬೇಡವೇ ಬೇಡ.

ಹೊಸ ಕಲ್ಲು ಹೀಗೆ ದುಬಾರಿ ಆದಾಗ ಹಳೆ ಕಲ್ಲನ್ನಾದರೂ ಉಳಿಸಿಕೊಳ್ಳಬೇಕು, ಅಲ್ವಾ? ನಮ್ಮೂರ ಹಳೆ ಶಾಲೆ ಕೆಡವಿದರು. ಕೈಯಲ್ಲಿ ಕೆತ್ತಿದ ಸೈಜುಗಲ್ಲು, ಜಗುಲಿಯ ಕಲ್ಲುಕಂಬ, ಚಪ್ಪಡಿ, ಒಂದೂ ಬಿರುಕು ಬಿಟ್ಟಿರಲಿಲ್ಲ. ಜೆಸಿಬಿ ಬಂತು. ಎಲ್ಲವನ್ನೂ ಟ್ರಾಕ್ಟರಿಗೆ ತುಂಬಿ ಹಳ್ಳ ಮುಚ್ಚಲು ಸುರಿದರು. ಎರಡು ತಿಂಗಳ ನಂತರ ಅದೇ ಜಾಗದ ತಳಪಾಯಕ್ಕೆ ದೂರದಿಂದ ಸೈಜುಗಲ್ಲು ಬಂತು, ಲೀಡ್ ಹಣ ಸಮೇತ. ಊರಿನ ಮೇಸ್ತ್ರಿ ಒಬ್ಬರು ಹೊಸ ಕಲ್ಲನ್ನು ಮುಟ್ಟಿ ನೋಡಿ, “ಹಳೇದೇ ಗಟ್ಟಿ ಇತ್ತು ಕಣಪ್ಪ” ಅಂದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೆಡವಿದ ಸಾಮಾನಿನಲ್ಲಿ ಚೆನ್ನಾಗಿರುವುದನ್ನು ಬೇರೆ ಮಾಡಿ, ಜೋಡಿಸಿಟ್ಟು, ಅಳತೆ ಬರೆಯಬೇಕು. ಹೊಸ ಎಸ್ಟಿಮೇಟಿನಲ್ಲಿ ಅಷ್ಟನ್ನು ಕಳೆಯಬೇಕು. ಊರಲ್ಲಿ ಇನ್ನೊಂದು ಹಳೆ ಕಟ್ಟಡ ಬೀಳುವುದರಲ್ಲಿದೆ. ಅದರ ಕಂಬ, ಚಪ್ಪಡಿ ಎಣಿಸಿ ಪಟ್ಟಿ ಮಾಡಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಕೊಡುತ್ತೇನೆ.