ರೇಡಿಯೇಟರ್, ವಾಟರ್ ಪಂಪ್ ಎಲ್ಲ ಹೊಸದು, ಆದರೂ ಘಾಟಿ ಹತ್ತುವಾಗ ಇಂಜಿನ್ ಹೀಟ್ ಆಗುವುದೇಕೆ?

ನೀವು ಕೇಳಿದ್ದು ಇಷ್ಟು: ಹಳೆಯ ಪೆಟ್ರೋಲ್ ಕಾರು. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರ್ ಕಡೆಗೆ ದಾರಿ ತೆರೆಯುವ ವಾಲ್ವ್), ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ, ನಾನು ನೀರು ಅನ್ನುವುದೂ ಇದನ್ನೇ) ಎಲ್ಲ ಬದಲಾಯಿಸಿದ್ದೀರಿ. ಮಂಗಳೂರಿನ ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಅರ್ಧಕ್ಕೇ ನಿಲ್ಲುತ್ತದೆ. ಶಿರಾಡಿ ಘಾಟಿ ಹತ್ತಿದರೆ ಕೆಂಪು ಮುಟ್ಟುತ್ತದೆ. ಮೆಕ್ಯಾನಿಕ್ ಈಗ ಥರ್ಮೋಸ್ಟಾಟ್ ತೆಗೆದೇ ಬಿಡೋಣ ಅನ್ನುತ್ತಿದ್ದಾರೆ.

ತೆಗೆಸಬೇಡಿ. ನಾನು ಸಕಲೇಶಪುರದ ಕಡೆ ಗ್ಯಾರೇಜ್ ಕೆಲಸ ಮಾಡುವವನು. ಘಾಟಿ ಹತ್ತಿ ಬಂದು ಬಾನೆಟ್ ಎತ್ತಿ ನಿಲ್ಲುವ ಗಾಡಿಗಳನ್ನು ನೋಡುತ್ತಲೇ ಇರುತ್ತೇನೆ. ಎಷ್ಟೋ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗಲೇ ಬೈಪಾಸ್ ದಾರಿಯನ್ನು, ಅಂದರೆ ರೇಡಿಯೇಟರ್ ಬಿಟ್ಟು ಇಂಜಿನ್ನಿಗೇ ವಾಪಸ್ ಹೋಗುವ ದಾರಿಯನ್ನು, ಮುಚ್ಚುತ್ತದೆ. ಅದನ್ನೇ ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ. ಘಾಟಿಯಲ್ಲಿ ಅದು ಇನ್ನೂ ಕಷ್ಟ.

ಇನ್ನೊಂದು ಪಾರ್ಟ್‌ಗೆ ದುಡ್ಡು ಹಾಕುವ ಮೊದಲು, ಗಾಡಿ ಯಾವಾಗ ಹೀಟ್ ಆಗುತ್ತದೆ ಅನ್ನುವುದನ್ನು ಹಿಡಿದುಕೊಂಡು ಹೋಗಿ. ಟ್ರಾಫಿಕ್‌ನಲ್ಲಿ ಹೀಟ್ ಆಗಿ, ಹೈವೇಯಲ್ಲಿ ಸರಿಹೋದರೆ ಫ್ಯಾನ್ ಮೇಲೆ ಅನುಮಾನ. ನಿಮ್ಮದು ಉಲ್ಟಾ ಅಲ್ವಾ? ಹಾಗಾಗಿ ಫ್ಯಾನ್ ಸದ್ಯಕ್ಕೆ ಬಿಡಿ. ಲೋಡ್ ಬಿದ್ದಾಗ ಮಾತ್ರ ಹೀಟ್ ಅಂದರೆ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಒಳಗೆ ಗಾಳಿ ಇದೆ.

ಗಾಳಿಯಿಂದಲೇ ಶುರು ಮಾಡಿ. ಇಷ್ಟೆಲ್ಲ ಬಿಚ್ಚಿ ಜೋಡಿಸಿದ ಮೇಲೆ ಏರ್ ಲಾಕ್ (ಒಳಗೆ ಗಾಳಿ ಸಿಕ್ಕಿಕೊಂಡು ನೀರಿನ ದಾರಿ ತಡೆಯುವುದು) ಆಗುವುದು ತೀರಾ ಸಾಮಾನ್ಯ. ಮುಳ್ಳು ಮೇಲಿದ್ದಾಗ ಹೀಟರ್ ಹಾಕಿ ನೋಡಿ. ತಣ್ಣನೆ ಗಾಳಿ ಬಂದರೆ ಹೀಟರ್ ಕಡೆಗೆ ನೀರೇ ಹೋಗುತ್ತಿಲ್ಲ ಎಂದು ತಿಳಿಯಿರಿ. ಗಾಳಿ ತೆಗೆಯಲು ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಫುಲ್ ಬಿಸಿಗೆ ತಿರುಗಿಸಿ, ರೇಡಿಯೇಟರ್ ಕ್ಯಾಪ್ ತೆಗೆದು ನಿಧಾನವಾಗಿ ಕೂಲಂಟ್ ತುಂಬಿ, ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಗಾಳಿ ಬಿಡಲೆಂದೇ ಇರುವ ಬ್ಲೀಡ್ ಸ್ಕ್ರೂ ಇದ್ದರೆ ಸ್ವಲ್ಪ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬಂದ ಮೇಲೆ ಬಿಗಿ ಮಾಡಿ. ಥರ್ಮೋಸ್ಟಾಟ್ ತೆರೆದಾಗ ಮೇಲಿನ ಹೋಸ್ ಬಿಸಿಯಾಗಿ, ಮಟ್ಟ ಗುಳಕ್ಕನೆ ಕೆಳಗಿಳಿಯುತ್ತದೆ. ಮತ್ತೆ ತುಂಬಿ, ಕ್ಯಾಪ್ ಹಾಕಿ. ಮಾರನೇ ಬೆಳಿಗ್ಗೆ ಇನ್ನೊಮ್ಮೆ ಮಟ್ಟ ನೋಡಿ. ಕೂಲಂಟ್‌ಗೆ ಬೋರ್‌ವೆಲ್ ನೀರು ಬೆರೆಸಬೇಡಿ, ಒಳಗೆ ಹಿಟ್ಟುಹಿಟ್ಟಾಗಿ ಕಟ್ಟಿಕೊಳ್ಳುತ್ತದೆ.

ಹೊಸ ರೇಡಿಯೇಟರ್‌ಗೆ ಹಳೇ ಕ್ಯಾಪನ್ನೇ ಹಾಕಿದ್ದಾರಾ ನೋಡಿ. 0.9 ಬಾರ್ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ಒಳಗಿನ ನೀರು 100 ಡಿಗ್ರಿಗೆ ಕುದಿಯದೆ 118ರ ತನಕ ತಡೆಯುತ್ತದೆ. ರಬ್ಬರ್ ಗಟ್ಟಿಯಾದ ಕ್ಯಾಪ್ ಒತ್ತಡ ಬಿಟ್ಟುಕೊಡುತ್ತದೆ, ಏರಿನಲ್ಲಿ ನೀರು ಕುದ್ದು ಹೊರಗೆ ಬರುತ್ತದೆ. ಇದು ತೀರಾ ಸಣ್ಣ ಖರ್ಚು, ಗಾಡಿಗೆ ಹೇಳಿದ ಒತ್ತಡದ್ದನ್ನೇ ತನ್ನಿ. ಹಾಗೇ ಒಬ್ಬರು ಆಕ್ಸಿಲರೇಟರ್ ಒತ್ತಿ 3000 ಆರ್‌ಪಿಎಂಗೆ ಏರಿಸಲಿ, ನೀವು ಕೆಳಗಿನ ಹೋಸ್ ನೋಡಿ. ಪಂಪ್ ಎಳೆತಕ್ಕೆ ಅದು ಚಪ್ಪಟೆಯಾದರೆ ಹೋಸೇ ತಪ್ಪು. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗೇ ಇದ್ದರೆ ನೀರು ಎಲ್ಲೋ ಕಟ್ಟಿದೆ. ಕೈ, ಬಟ್ಟೆ ಬೆಲ್ಟ್‌ನಿಂದ ದೂರ ಇರಲಿ.

ಇದೆಲ್ಲ ಸರಿ ಇದ್ದೂ ಹೀಟ್ ನಿಲ್ಲದಿದ್ದರೆ ನನ್ನ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವೆ ಸೋರದಂತೆ ಕೂರಿಸುವ ಪದರದ ಮೇಲೆ. ಒಂದೆರಡು ಸಲ ಕೆಂಪಿಗೆ ಹೋದ ಇಂಜಿನ್ ಅಲ್ವಾ, ಮೊದಲ ರಿಪೇರಿಗೆ ಮುಂಚೆಯೇ ಪೆಟ್ಟು ಬಿದ್ದಿರಬಹುದು. ಸಣ್ಣ ಸೋರಿಕೆ ಊರೊಳಗೆ ಗೊತ್ತೇ ಆಗುವುದಿಲ್ಲ. ಏರಿನಲ್ಲಿ ಸಿಲಿಂಡರ್ ಒತ್ತಡ ಜಾಸ್ತಿಯಾದಾಗ ಸುಟ್ಟ ಗ್ಯಾಸ್ ನೀರಿಗೆ ನುಗ್ಗುತ್ತದೆ. ಬೆಳಿಗ್ಗೆ ತಣ್ಣನೆ ಇಂಜಿನ್‌ನಲ್ಲಿ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ರೇಡಿಯೇಟರ್ ಬಾಯಿಯನ್ನೇ ನೋಡುತ್ತಿರಿ. ಮೊದಲಿಗೆ ನಾಲ್ಕು ಗುಳ್ಳೆ ಬಂದು ನಿಂತರೆ ಉಳಿದ ಗಾಳಿ. ಸಣ್ಣ ಗುಳ್ಳೆಗಳು ನಿಲ್ಲದೆ ಬರುತ್ತಲೇ ಇದ್ದರೆ, ಇಲ್ಲವೇ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್ ಕಲ್ಲಿನಂತೆ ಬಿಗಿದರೆ, ಗ್ಯಾಸ್ ಬರುತ್ತಿದೆ. ಖಾತ್ರಿಗೆ ಬ್ಲಾಕ್ ಟೆಸ್ಟರ್ (ಕೂಲಂಟ್‌ನಲ್ಲಿ ಸುಟ್ಟ ಗ್ಯಾಸ್ ಇದೆಯಾ ಎಂದು ನೋಡುವ ಸಾಧನ) ಇರುವ ಗ್ಯಾರೇಜ್ ಹುಡುಕಿ. ಪೆಟ್ರೋಲ್ ಇಂಜಿನ್ನಿನ ಗ್ಯಾಸ್ ತಗುಲಿದರೆ ಅದರ ನೀಲಿ ದ್ರವ ಹಳದಿಯಾಗುತ್ತದೆ. ಹೆಡ್ ಇಳಿಸಲೇಬೇಕಾದರೆ ಸುಮ್ನೆ ಗ್ಯಾಸ್ಕೆಟ್ ಬದಲಾಯಿಸಿ ಮುಚ್ಚಲು ಬಿಡಬೇಡಿ, ಹೆಡ್ ಬಾಗಿದೆಯಾ ಎಂದು ಅಳತೆ ಮಾಡಿಸಿ.

ಅಲ್ಲಿಯವರೆಗೆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಹಾಕಿ, ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಬೆಳಿಗ್ಗೆ ಗುಳ್ಳೆ ಬಂತೋ ಇಲ್ಲವೋ ಇಲ್ಲೇ ಬರೆಯಿರಿ, ಮುಂದಿನದು ಅದನ್ನು ನೋಡಿ ಹೇಳುತ್ತೇನೆ.